ಹಲ್ಲಿನ ತುರ್ತು ಸಮಯ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿ ಸೀಮೆಯಲ್ಲಿ ಹಲ್ಲಿನ ದವಾಖಾನೆ ನಡೆಸುತ್ತೇನೆ. ಸಂತೆಯ ದಿನ ಬಾಗಿಲಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಈಗಲೇ ಹಲ್ಲು ಬೇರು ಸಮೇತ ಕೈಗೆ ಬಂದಿದ್ದರೆ ಅಥವಾ ಮುಖ ಊದಿದ್ದರೆ ಉಳಿದದ್ದು ಬಿಟ್ಟು ಆ ಪ್ರಶ್ನೆಗಳಿಗೆ ಮೊದಲು ಹೋಗಿ.

## ಮೊದಲು ತಿಳಿಯಬೇಕಾದದ್ದು

ಹಲ್ಲ ನೋವಿಗೆ ಯಾರಾದ್ರೂ ರಾತ್ರಿ ದವಾಖಾನಿಗೆ ಓಡ್ತಾರೇನ್ರಿ? ಮುಂಜಾನೆ ನೋಡಿದ್ರ ನಡೀತೈತಲ್ಲ?

ಬರೀ ನೋವಾದರೆ ಮುಂಜಾನೆ ಬಂದರೂ ನಡೆಯುತ್ತದೆ. ಆದರೆ ಕೆಲವು ಸಂದರ್ಭದಲ್ಲಿ ಮುಂಜಾನೆಯವರೆಗೆ ಕಾಯಬಾರದು. ಕಾಯಂ ಹಲ್ಲು (ಹಾಲುಹಲ್ಲು ಅಲ್ಲ) ಬೇರು ಸಮೇತ ಬಂದಿದೆ. ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲ. ಮುಖದ ಬಾವು ಹೆಚ್ಚುತ್ತಿದೆ, ಜೊತೆಗೆ ಜ್ವರ ಇದೆ ಅಥವಾ ನುಂಗಲು ಆಗುತ್ತಿಲ್ಲ. ಪೆಟ್ಟು ಬಿದ್ದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲ. ಇಂಥವುಗಳಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ರಾತ್ರಿ ಹಲ್ಲು ಭಾಳ ನೋಯಾಕತ್ತೈತಿ. ಮನ್ಯಾಗ ಏನ್ ಮಾಡ್ಲಿ?

ಮೊದಲು ಉಗುರು ಬೆಚ್ಚಗಿನ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸಿ. ಎರಡು ಹಲ್ಲಿನ ನಡುವೆ ಕಬ್ಬಿನ ನಾರೋ ಮಾಂಸದ ಎಳೆಯೋ ಸಿಕ್ಕಿಕೊಂಡಿದೆಯಾ ನೋಡಿ. ಇದ್ದರೆ ದಾರದಿಂದ ನಿಧಾನವಾಗಿ ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ನೋವು ಇಳಿಯುತ್ತದೆ. ಪಿನ್ನು, ಸೂಜಿ ಹಾಕಿ ಕೆದಕಬೇಡಿ.

ದೊಡ್ಡವರು ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಗುಳಿಗೆ ತೆಗೆದುಕೊಳ್ಳಬಹುದು. ಮತ್ತೊಂದು ಬೇಕಾದರೆ ಆರು ತಾಸು ಬಿಡಿ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ದಮ್ಮು, ರಕ್ತ ತೆಳು ಮಾಡುವ ಗುಳಿಗೆ, ಬಸಿರು, ಡೆಂಗಿಯ ಅನುಮಾನ ಯಾವುದೂ ಇಲ್ಲದವರು ಊಟದ ಮೇಲೆ ಐಬುಪ್ರೊಫೇನ್ 400 ತೆಗೆದುಕೊಂಡರೆ ಹಲ್ಲು ನೋವಿಗೆ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಕ್ಕಳಿಗೆ ತೂಕ ನೋಡಿ ಸಿರಪ್ ಕೊಡಬೇಕು, ದೊಡ್ಡವರ ಗುಳಿಗೆ ಮುರಿದು ಕೊಡಬೇಡಿ.

ಲವಂಗದ ಎಣ್ಣೆ ಇದ್ದರೆ ಹತ್ತಿಯ ತುದಿಗೆ ಒಂದು ಹನಿ ಹಾಕಿ ಹುಳುಕಿನ ತೂತಿನೊಳಗೆ ಇಡಿ. ವಸಡಿಗೆ ತಾಗಿದರೆ ಸುಡುತ್ತದೆ. ಮಲಗುವಾಗ ತಲೆಯ ಕೆಳಗೆ ಎರಡು ದಿಂಬು ಇಟ್ಟುಕೊಳ್ಳಿ. ಅಡ್ಡ ಮಲಗಿದ ಕೂಡಲೇ ತಲೆಯ ಕಡೆ ರಕ್ತದ ಒತ್ತಡ ಜಾಸ್ತಿಯಾಗಿ ಹಲ್ಲು ಸಿಡಿಯಲು ಶುರುವಾಗುತ್ತದೆ. ಹಗಲು ಸುಮ್ಮನಿದ್ದ ಹಲ್ಲು ರಾತ್ರಿ ಕಾಡುವುದು ಹೀಗೆ.

ತಂಬಾಕ ಇಟ್ರ ನೋವು ಕಡಿಮಿ ಆಗ್ತೈತಿ. ಇಟ್ರ ತಪ್ಪೇನು?

ಸ್ವಲ್ಪ ಹೊತ್ತು ಮರಗಟ್ಟಿದಂತೆ ಆಗುತ್ತದೆ, ನಿಜ. ಒಳಗಿನ ಸೋಂಕು ಮಾತ್ರ ಅಲ್ಲೇ ಇರುತ್ತದೆ. ಹಲ್ಲು ನೋವಿಗೆಂದು ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕಲು ಶುರು ಮಾಡಿದ ಎಷ್ಟೋ ತಾಯಂದಿರು ಅದನ್ನು ಬಿಡಲಾಗದೆ ಇಪ್ಪತ್ತು ವರ್ಷ ತಿಕ್ಕಿದ್ದಾರೆ. ಅವರ ಬಾಯೊಳಗಿನ ಬಿಳಿ ಮಚ್ಚೆ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆಸ್ಪಿರಿನ್ ಗುಳಿಗೆಯನ್ನು ವಸಡಿನ ಮೇಲೆ ಇಡುವುದೂ ಬೇಡ. ಅದು ಆಮ್ಲ, ಚರ್ಮ ಬೆಳ್ಳಗಾಗಿ ಸುಟ್ಟು ಹೋಗುತ್ತದೆ. ಸುಣ್ಣ, ಕರ್ಪೂರದ ಕಥೆಯೂ ಅದೇ.

ಹಲ್ಲಾಗಿನ ಹುಳ ಹೊಗಿ ಹಾಕಿ ತಗೀತಾರಲ್ಲ, ಅದು ಖರೇನ?

ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹುಳುಕು ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನಾವು ತಿಂದ ಸಿಹಿಯಿಂದ ಅವು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹೊಗೆ ಹಾಕಿದ ಮೇಲೆ ಬಟ್ಟಲಿನಲ್ಲಿ ತೋರಿಸುವ ಬಿಳಿ ಎಳೆಗಳು ನಿಮ್ಮ ಹಲ್ಲಿನಿಂದ ಬಂದವಲ್ಲ. ಬಿಸಿ ಹೊಗೆಗೆ ಬಾಯಿ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಮೆಡಿಕಲ್ ಶಾಪಿನ್ಯಾಗ ಗುಳಿಗಿ ತಗೊಂಡೆ, ನೋವು ಹೋತು. ಇನ್ನ ಯಾಕ ಬರಬೇಕ್ರಿ?

ಇದಕ್ಕೆ ಉತ್ತರ ಕೊಡುವಾಗ ಪ್ರತಿ ಸಲವೂ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಹಲ್ಲಿನ ಒಳಗೆ ನರ ಇರುತ್ತದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ಅದು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಹಲ್ಲು, ಊದಲು ಜಾಗ ಇಲ್ಲ. ಅದಕ್ಕೇ ಆ ನೋವು ಅಷ್ಟು ಭೀಕರ. ಎರಡು ಮೂರು ದಿನ ಕಳೆದು ನೋವು ತಾನಾಗಿ ನಿಂತಿತು ಅಂದರೆ ಬಹಳ ಸಲ ನರ ಸತ್ತಿದೆ ಎಂದೇ ಅರ್ಥ. ಸತ್ತ ನರದಲ್ಲಿ ಸೋಂಕು ಬೆಳೆದು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತದೆ. ಮುಂದೆ ಒಂದು ದಿನ ಗಲ್ಲ ಊದಿಕೊಂಡು ಏಳುತ್ತೀರಿ.

ಅಂಗಡಿಯಲ್ಲಿ ಕೊಡುವ ಎರಡು ದಿನದ ಆಂಟಿಬಯೋಟಿಕ್ ಇದನ್ನು ತಡೆಯುವುದಿಲ್ಲ. ಸತ್ತ ನರದ ಒಳಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಔಷಧಿಯೂ ಅಲ್ಲಿಗೆ ತಲುಪುವುದಿಲ್ಲ. ಹಲ್ಲನ್ನು ತೆರೆದು ರೂಟ್ ಕೆನಾಲ್ ಮಾಡಬೇಕು (ಅಂದರೆ ಒಳಗಿನ ನರ ತೆಗೆದು, ಸ್ವಚ್ಛ ಮಾಡಿ, ತುಂಬಬೇಕು), ಇಲ್ಲವೇ ಕೀಳಬೇಕು. ನೋವು ಇದ್ದಾಗಲೇ ಬಂದರೆ ಹಲ್ಲು ಉಳಿಸುವ ಅವಕಾಶ ಹೆಚ್ಚು.

## ಹಲ್ಲು ಬಿದ್ದಾಗ, ಮುರಿದಾಗ

ಹುಡುಗ ಕಬಡ್ಡಿ ಆಡಾಕ ಹೋಗಿ ಬಿದ್ದಾನ. ಮುಂದಿನ ಹಲ್ಲು ಬೇರ ಸಮೇತ ಕೈಯಾಗ ಬಂದೈತಿ!

ಮೊದಲು ಹುಡುಗನನ್ನು ನೋಡಿ. ಎಚ್ಚರ ತಪ್ಪಿದ್ದರೆ, ವಾಂತಿ ಆಗುತ್ತಿದ್ದರೆ ತಲೆಗೆ ಪೆಟ್ಟಾಗಿರಬಹುದು. 108ಕ್ಕೆ ಫೋನ್ ಮಾಡಿ, ಹಲ್ಲಿನ ವಿಷಯ ಆಮೇಲೆ. ಹುಷಾರಾಗಿದ್ದರೆ ಒಬ್ಬರು ಅವನ ಹತ್ತಿರ ಇರಿ, ಇನ್ನೊಬ್ಬರು ಮಣ್ಣಿನಲ್ಲಿ ಹಲ್ಲು ಹುಡುಕಿ.

ಸಿಕ್ಕ ಹಲ್ಲನ್ನು ಬಿಳಿ ಭಾಗದಿಂದ ಹಿಡಿಯಿರಿ. ಬೇರನ್ನು ಮುಟ್ಟಬೇಡಿ. ಬೇರಿನ ಮೇಲೆ ಬಹಳ ತೆಳುವಾದ ಜೀವಂತ ಪದರ ಇರುತ್ತದೆ. ಹಲ್ಲು ಮತ್ತೆ ಎಲುಬಿಗೆ ಕಚ್ಚಿಕೊಳ್ಳುವುದು ಅದರಿಂದಲೇ. ಉಜ್ಜಿದರೆ ಸಾಯುತ್ತದೆ, ಒಣಗಿದರೂ ಸಾಯುತ್ತದೆ. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಅಥವಾ ನಳದ ನೀರಿನಲ್ಲಿ ಕೆಲವೇ ಸೆಕೆಂಡು ತೊಳೆಯಿರಿ. ಸೋಪು ಬೇಡ, ಬಟ್ಟೆಯಿಂದ ಒರೆಸುವುದು ಬೇಡ.

ಎಲ್ಲಕ್ಕಿಂತ ಒಳ್ಳೆಯದು ಅದನ್ನು ಅಲ್ಲೇ ಗುಳಿಯಲ್ಲಿ ವಾಪಸ್ ಕೂರಿಸುವುದು. ಪಕ್ಕದ ಹಲ್ಲು ನೋಡಿ ಮುಂಭಾಗ ಮುಂದಕ್ಕೆ ಬರುವಂತೆ ಹಿಡಿದು ನಿಧಾನವಾಗಿ ಒತ್ತಿ. ಸ್ವಚ್ಛ ಕರವಸ್ತ್ರ ಮಡಚಿ ಕಚ್ಚಿಸಿ, ಹಾಗೇ ಕರೆತನ್ನಿ. ಧೈರ್ಯ ಬರದಿದ್ದರೆ ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ತನ್ನಿ. ಎಮ್ಮೆ ಹಾಲು, ಆಕಳ ಹಾಲು, ಪ್ಯಾಕೆಟ್ ಹಾಲು, ಯಾವುದಾದರೂ ಸರಿ. ತಣ್ಣಗಿರಬೇಕು, ಸಕ್ಕರೆ ಹಾಕಿರಬಾರದು. ಮೊಸರು, ಮಜ್ಜಿಗೆ ಬೇಡ. ನೀರಿನಲ್ಲಿ ಇಟ್ಟರೆ ಆ ಪದರದ ಜೀವಕೋಶಗಳು ಊದಿ ಒಡೆಯುತ್ತವೆ. ಹಾಲು ಸಿಗದಿದ್ದರೆ ಹುಡುಗನ ಎಂಜಲನ್ನೇ ಲೋಟದಲ್ಲಿ ಉಗುಳಿಸಿ ಅದರಲ್ಲಿ ಇಡಿ. ಅರ್ಧ ತಾಸಿನೊಳಗೆ ಹಲ್ಲು ತನ್ನ ಗುಳಿಯೊಳಗೆ ಸೇರಿದರೆ ಬದುಕುವ ಆಸೆ ಚೆನ್ನಾಗಿರುತ್ತದೆ. ಒಂದು ತಾಸು ಒಣಗಿ ಬಿದ್ದಿದ್ದರೆ ಆ ಪದರ ಬಹುಪಾಲು ಸತ್ತಿರುತ್ತದೆ. ಆದರೂ ಎಸೆಯಬೇಡಿ, ತನ್ನಿ.

ನನ್ನ ಹತ್ತಿರ ಇಬ್ಬರು ಮಕ್ಕಳು ಬಂದಿದ್ದರು. ಒಬ್ಬ ಹುಡುಗನ ಹಲ್ಲನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಶಾಲೆ ಬಿಡುವವರೆಗೆ ಮೇಜಿನ ಮೇಲೆ ಇಟ್ಟಿದ್ದರು. ಕೂರಿಸಿದೆ, ಆದರೆ ಮೂರು ವರ್ಷದಲ್ಲಿ ಬೇರು ಕರಗಿ ಹೋಯಿತು. ಇನ್ನೊಬ್ಬಳ ಅಜ್ಜಿ ಆಗಷ್ಟೇ ಎಮ್ಮೆ ಹಿಂಡಿದ್ದರು. ಮೊಮ್ಮಗಳ ಹಲ್ಲನ್ನು ಹಾಲಿನ ಲೋಟಕ್ಕೆ ಹಾಕಿ, ಮಗನ ಬೈಕಿನಲ್ಲಿ ನಲವತ್ತು ನಿಮಿಷದಲ್ಲಿ ಬಂದರು. ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ, ಹಲ್ಲು ಇನ್ನೂ ಅವಳದ್ದೇ. ಅಜ್ಜಿಗೆ ಹಾಲಿನ ವಿಷಯ ಅಂಗನವಾಡಿ ಕಾರ್ಯಕರ್ತೆ ಹೇಳಿದ್ದರಂತೆ. ಶಾಲೆಯ ಶಿಕ್ಷಕರು ದಯವಿಟ್ಟು ಇದೊಂದನ್ನು ನೆನಪಿಡಿ.

ದವಾಖಾನೆಯಲ್ಲಿ ಆ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಸುಮಾರು ಎರಡು ವಾರ ಕಟ್ಟುತ್ತೇವೆ. ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿಟಿ) ಬೇಕಾ ನೋಡುತ್ತೇವೆ. ಬೇರು ಪೂರ್ತಿ ಬೆಳೆದಿದ್ದರೆ ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡಬೇಕು. ತಂತಿ ಬಿಚ್ಚಿಸಿಕೊಂಡು ಅದನ್ನು ಮಾಡಿಸದೆ ಹೋಗುವವರೇ ಜಾಸ್ತಿ.

ಮೂರು ವರ್ಷದ ಕೂಸಿನ ಹಾಲುಹಲ್ಲು ಬಿದ್ದೈತಿ. ಅದನ್ನೂ ಕೂರಿಸಬೇಕಾ?

ಬೇಡ. ಹಾಲುಹಲ್ಲನ್ನು ವಾಪಸ್ ಕೂರಿಸಿದರೆ ಒಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿಗೆ ಪೆಟ್ಟಾಗುತ್ತದೆ. ರಕ್ತ ನಿಲ್ಲುವಂತೆ ಬಟ್ಟೆ ಒತ್ತಿ ಹಿಡಿದು ಕರೆತನ್ನಿ. ಹಲ್ಲು ಎಲ್ಲಿ ಬಿತ್ತು ಅಂತ ಗೊತ್ತಿರಬೇಕು. ಕೂಸು ಕೆಮ್ಮುತ್ತಿದ್ದರೆ, ಉಸಿರಿನಲ್ಲಿ ಸದ್ದು ಬರುತ್ತಿದ್ದರೆ ಹಲ್ಲು ಶ್ವಾಸನಾಳಕ್ಕೆ ಹೋಗಿರಬಹುದು. ಆಗ ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಕಬ್ಬು ಸಿಗಿಯುವಾಗ ಹಲ್ಲಿನ ಚೂರು ಹಾರಿತು. ಚೂರು ಇಟ್ಕೊಂಡ್ರೆ ಉಪಯೋಗ ಇದೆಯಾ?

ಇದೆ. ನೀರಲ್ಲೋ ಹಾಲಲ್ಲೋ ಹಾಕಿ ತನ್ನಿ. ಮುಂದಿನ ಹಲ್ಲಿನ ಚೂರು ಚೆನ್ನಾಗಿದ್ದರೆ ಅದನ್ನೇ ಅಂಟಿಸುತ್ತೇವೆ, ಬಣ್ಣ ಹೊಂದಿಸುವ ಗೋಜೇ ಇಲ್ಲ. ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಅಥವಾ ರಕ್ತ ಕಂಡರೆ ನರ ತೆರೆದಿದೆ. ಅವತ್ತೇ ಬನ್ನಿ.

ಕರದಂಟು ತಿನ್ನುವಾಗ ಕ್ಯಾಪ್ ಕಿತ್ತು ಬಂತು. ಫೆವಿಕ್ವಿಕ್ ಹಚ್ಚಿ ಕೂರಿಸಲಾ?

ಖಂಡಿತ ಬೇಡ. ಆ ಅಂಟು ವಸಡನ್ನು ಸುಡುತ್ತದೆ. ಕ್ಯಾಪ್ ಸ್ವಲ್ಪ ವಾರೆಯಾಗಿ ಕೂತರೂ ಆಮೇಲೆ ತೆಗೆಯುವುದು ಬಹಳ ಕಷ್ಟ. ಕ್ಯಾಪನ್ನು ತೊಳೆದು ಸಣ್ಣ ಡಬ್ಬಿಯಲ್ಲಿ ಇಡಿ, ಒಂದೆರಡು ದಿನದಲ್ಲಿ ಬನ್ನಿ. ಅಲ್ಲಿಯವರೆಗೆ ಆ ಕಡೆ ಅಗಿಯಬೇಡಿ, ರಾತ್ರಿ ಕ್ಯಾಪ್ ಬಾಯಲ್ಲಿಟ್ಟು ಮಲಗಬೇಡಿ.

ಸಂಕ್ರಾಂತಿಯ ವಾರದಲ್ಲಿ ನಮ್ಮಲ್ಲಿ ಇಂಥವರ ಸಾಲೇ ಇರುತ್ತದೆ. ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಉಂಡಿ, ಕಬ್ಬು, ಅಮೀನಗಡದ ಕರದಂಟು. ತಿನ್ನಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕ್ಯಾಪ್ ಇರುವವರು ರೊಟ್ಟಿಯನ್ನು ಪಲ್ಯದ ಎಸರಿನಲ್ಲಿ ಮೆತ್ತಗೆ ಮಾಡಿಕೊಂಡು ತಿನ್ನಿ.

ಆಕಳಿಸಿದ್ರ ಬಾಯಿ ಹಂಗ ತೆರದ ಉಳದೈತಿ, ಮುಚ್ಚವಲ್ದು

ದವಡೆಯ ಕೀಲು ತಪ್ಪಿದೆ. ಗಾಬರಿಯಾಗಬೇಡಿ, ಜೀವಕ್ಕೆ ಅಪಾಯ ಇಲ್ಲ. ಜೋರಾಗಿ ಒತ್ತಿ ಮುಚ್ಚಲು ಹೋಗಬೇಡಿ. ಗದ್ದದ ಕೆಳಗೆ ಟವೆಲ್ ಆಸರೆ ಕೊಟ್ಟು ಹತ್ತಿರದ ಹಲ್ಲಿನ ಡಾಕ್ಟರ್ ಅಥವಾ ಆಸ್ಪತ್ರೆಗೆ ಹೋಗಿ. ಬೇಗ ಹೋದಷ್ಟು ಸುಲಭವಾಗಿ ಕೂರುತ್ತದೆ. ತಡವಾದರೆ ಸ್ನಾಯು ಬಿಗಿಯುತ್ತದೆ.

## ಬಾವು, ರಕ್ತ

ಗಲ್ಲ ಊದೈತಿ. ಎಷ್ಟು ಊದಿದ್ರ ಅಂಜಬೇಕು?

ಗಾತ್ರಕ್ಕಿಂತ ಜಾಗ ಮತ್ತು ವೇಗ ಮುಖ್ಯ. ಒಂದು ಹಲ್ಲಿನ ಪಕ್ಕ ವಸಡಿನ ಮೇಲೆ ಸಣ್ಣ ಗುಳ್ಳೆ ಬಂದು ಕೀವು ಸೋರುತ್ತಿದ್ದರೆ ಮರುದಿನ ತೋರಿಸಿ. ಗಲ್ಲವೇ ಊದಿದ್ದರೆ ಅವತ್ತೇ ತೋರಿಸಿ. ಇನ್ನು ಕೆಲವು ಲಕ್ಷಣ ಕಂಡರೆ ನನ್ನಂಥವರ ದವಾಖಾನೆಗೂ ಬರಬೇಡಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗದ್ದದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಊದಿದೆ. ನಾಲಿಗೆ ಮೇಲಕ್ಕೆದ್ದಿದೆ. ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದೆ. ದನಿ ಬದಲಾಗಿದೆ. ಮಲಗಿದರೆ ಉಸಿರು ಕಟ್ಟುತ್ತದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಅಥವಾ ಮೇಲಿನ ಹಲ್ಲಿನ ಬಾವು ಏರಿ ಕಣ್ಣು ಮುಚ್ಚಿಕೊಂಡಿದೆ.

ಕೆಳಗಿನ ದವಡೆ ಹಲ್ಲಿನ ಸೋಂಕು ನಾಲಿಗೆಯ ಕೆಳಗೆ ಹರಡಿ ಉಸಿರಿನ ದಾರಿಯನ್ನೇ ಒತ್ತುವ ಈ ಸ್ಥಿತಿಯನ್ನು 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದರು. ಲುಡ್ವಿಗ್ಸ್ ಆಂಜೈನಾ ಅಂತ ಅವರ ಹೆಸರಿನಿಂದಲೇ ಕರೆಯುತ್ತಾರೆ. ಇವತ್ತಿಗೂ ಇದರಿಂದ ಜೀವ ಹೋಗುತ್ತದೆ, ಅದೂ ಒಂದು ಹುಳುಕು ಹಲ್ಲಿನಿಂದ. ರೋಗಿಯನ್ನು ಕೂರಿಸಿಕೊಂಡೇ ಕರೆದುಕೊಂಡು ಹೋಗಿ, ಮಲಗಿಸಬೇಡಿ.

ಬಾವಿಗೆ ಹೊರಗಿನಿಂದ ಬಿಸಿ ಕಾವು ಕೊಡಬೇಡಿ. ಹಿಟ್ಟಿನ ಪೋಟೀಸು ಕಟ್ಟಿದರೆ ಕೀವು ಚರ್ಮದ ಕಡೆ ಎಳೆದು ಗಲ್ಲದ ಮೇಲೆ ಒಡೆಯಬಹುದು. ಆ ಕಲೆ ಹೋಗುವುದಿಲ್ಲ.

ಬಾವು ಇದ್ದಾಗ ಹಲ್ಲು ಕೀಳಬಾರದಂತೆ, ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಂತೆ. ನಿಜಾನಾ?

ಮೇಲಿನ ಹಲ್ಲು ಕೀಳುವುದಕ್ಕೂ ಕಣ್ಣಿನ ದೃಷ್ಟಿಗೂ ಸಂಬಂಧ ಇಲ್ಲ. ನೋಟದ ನರವೇ ಬೇರೆ. ಈ ಹೆದರಿಕೆಯಿಂದ ಕೀವು ತುಂಬಿದ ಹಲ್ಲನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದೇ ಅಪಾಯ. ಬಾವು ಇದ್ದಾಗ ಕೀಳುವುದು ಡಾಕ್ಟರ್ ನೋಡಿ ತೀರ್ಮಾನ ಮಾಡುವ ವಿಷಯ. ಕೆಲವೊಮ್ಮೆ ಮೊದಲು ಕೀವು ಹೊರಗೆ ಬಿಡುತ್ತೇವೆ, ಕೆಲವೊಮ್ಮೆ ಅವತ್ತೇ ಹಲ್ಲು ತೆಗೆಯುವುದೇ ಸರಿಯಾದ ಚಿಕಿತ್ಸೆ. ಬಾವು ಇಳಿದ ಮೇಲೆ ಬರೋಣ ಅಂತ ಮನೆಯಲ್ಲಿ ಕೂರಬೇಡಿ.

ಮಧ್ಯಾಹ್ನ ಹಲ್ಲು ಕಿತ್ತಿಸ್ಕೊಂಡೆ, ರಾತ್ರಿ ಆದ್ರೂ ರಕ್ತ ನಿಲ್ಲವಲ್ದು

ಎಂಜಲಿನಲ್ಲಿ ಗುಲಾಬಿ ಬಣ್ಣ ಒಂದು ದಿನ ಇರಬಹುದು, ಅದು ಸಹಜ. ಬಾಯಿ ತುಂಬ ರಕ್ತ ಬರುತ್ತಿದ್ದರೆ ಸ್ವಚ್ಛ ಹತ್ತಿಬಟ್ಟೆಯನ್ನು ದಪ್ಪಗೆ ಮಡಚಿ, ಒದ್ದೆ ಮಾಡಿ, ಗುಳಿಯ ಮೇಲಿಟ್ಟು ಬಿಗಿಯಾಗಿ ಕಚ್ಚಿ. ಪೂರ್ತಿ ಅರ್ಧ ತಾಸು. ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಕಟ್ಟಿದ ರಕ್ತ ಕಿತ್ತು ಬರುತ್ತದೆ. ಚಾ ಬ್ಯಾಗ್ ಇದ್ದರೆ ಒದ್ದೆ ಮಾಡಿ ಬಟ್ಟೆಯ ಬದಲು ಕಚ್ಚಬಹುದು. ಚಹಾದ ಒಗರು ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಉಗುಳಬೇಡಿ, ಮುಕ್ಕಳಿಸಬೇಡಿ, ಬಿಸಿ ಕುಡಿಯಬೇಡಿ. ಎರಡು ಸಲ ಹೀಗೆ ಮಾಡಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಹೊಲಿಗೆ ಹಾಕಬೇಕಾಗಬಹುದು.

ಕಿತ್ತು ಮೂರು ದಿನ ಆಯ್ತು. ಈಗ ಮೊದಲಿಗಿಂತ ಜಾಸ್ತಿ ನೋವು, ಕಿವಿವರೆಗೂ ಬರುತ್ತೆ

ಗುಳಿಯಲ್ಲಿ ಕಟ್ಟಿದ್ದ ರಕ್ತ ಉದುರಿ ಎಲುಬು ತೆರೆದಿರಬಹುದು. ಬೀಡಿ, ಗುಟ್ಕಾ ಬಿಡದವರಲ್ಲಿ ಇದು ಜಾಸ್ತಿ. ಗುಳಿ ತೊಳೆದು ಔಷಧಿ ತುಂಬಿದರೆ ಬಹಳ ಜನರಿಗೆ ಅವತ್ತೇ ಆರಾಮ ಆಗುತ್ತದೆ. ಸುಮ್ನೆ ಗುಳಿಗೆ ನುಂಗುತ್ತಾ ಸಹಿಸಬೇಡಿ.

## ಬೇರೆ ತೊಂದರೆ ಇದ್ದವರಿಗೆ

ಸೊಸಿಗೆ ಆರ ತಿಂಗಳು. ಹಲ್ಲಿನ ದವಾಖಾನಿಗೆ ಕರಕೊಂಡ ಬರಬಹುದಾ?

ಬರಬಹುದು. ನಾಲ್ಕರಿಂದ ಆರನೇ ತಿಂಗಳು ಎಲ್ಲಕ್ಕಿಂತ ಅನುಕೂಲ. ಸೋಂಕು, ಬಾವು ಇದ್ದರೆ ಯಾವ ತಿಂಗಳಾದರೂ ತಡ ಮಾಡಬಾರದು, ಹಲ್ಲಿನ ಇಂಜೆಕ್ಷನ್‌ಗಿಂತ ಕೀವು ಕೂಸಿಗೆ ಜಾಸ್ತಿ ಅಪಾಯ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೇನ್ ಬೇಡ. ತಾಯಿ ಕಾರ್ಡ್ ತನ್ನಿ.

ಶುಗರ್ ಇದೆ. ಹಲ್ಲು ಕಿತ್ತರೆ ಗಾಯ ಮಾಯೋದಿಲ್ಲ ಅಂತಾರೆ

ಶುಗರ್ ಹಿಡಿತದಲ್ಲಿದ್ದರೆ ಮಾಯುತ್ತದೆ. ಹಿಡಿತದಲ್ಲಿ ಇಲ್ಲದವರಲ್ಲಿ ಸೋಂಕು ಬೇಗ ಹರಡುತ್ತದೆ, ಹಾಗಾಗಿ ಅವರು ಇತರರಿಗಿಂತ ಬೇಗ ಬರಬೇಕು. ಹೆದರಿ ಉಪವಾಸ ಬರಬೇಡಿ. ನಾಷ್ಟಾ ಮಾಡಿ, ದಿನದ ಗುಳಿಗೆ ತೆಗೆದುಕೊಂಡೇ ಬನ್ನಿ.

ಹಾರ್ಟಿಗೆ ಸ್ಟೆಂಟ್ ಹಾಕ್ಯಾರ. ರಕ್ತ ತೆಳು ಆಗೂ ಗುಳಿಗಿ ಬಂದ್ ಮಾಡಿ ಬರಲಾ?

ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಹಲ್ಲಿನ ಗುಳಿಯ ರಕ್ತವನ್ನು ನಾವು ಹೊಲಿಗೆ ಹಾಕಿಯಾದರೂ ನಿಲ್ಲಿಸಬಹುದು. ಗುಳಿಗೆಯ ಚೀಟಿ ತನ್ನಿ. ಕೃತಕ ಕವಾಟ ಹಾಕಿಸಿಕೊಂಡವರು ಅದನ್ನು ಮೊದಲೇ ಹೇಳಿ, ಹಲ್ಲು ಕೀಳುವ ಮುಂಚೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ.

ಹಲ್ಲು ಚೆನ್ನಾಗೇ ಇದೆ, ಆದರೂ ನಡೆದರೆ ದವಡೆ ನೋಯುತ್ತೆ

ಇದು ಹೃದಯದ ನೋವು ಇರಬಹುದು. ಏರು ಹತ್ತಿದಾಗ, ಹೊಲದಲ್ಲಿ ಭಾರ ಎತ್ತಿದಾಗ ದವಡೆ ನೋವು ಬಂದು ಕೂತಾಗ ಇಳಿದರೆ ಇಸಿಜಿ ಮಾಡಿಸಿ. ಜೊತೆಗೆ ಬೆವರು, ಎದೆ ಭಾರ ಇದ್ದರೆ ಕೂಡಲೇ 108.

ಗುಟ್ಕಾ ತಿಂತೀನಿ. ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ

ಎರಡು ದಿನದಲ್ಲಿ ಹೀಗಾಗಿದ್ದರೆ ಬುದ್ಧಿ ಹಲ್ಲಿನ ಸೋಂಕು ಇರಬಹುದು, ಬೇಗ ಬನ್ನಿ. ತಿಂಗಳುಗಟ್ಟಲೆ ನಿಧಾನವಾಗಿ ಬಿಗಿದಿದ್ದರೆ ಅಡಿಕೆ, ಗುಟ್ಕಾದಿಂದ ಗಲ್ಲದ ಒಳಚರ್ಮ ಗಟ್ಟಿಯಾಗಿದೆ. ಇದು ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಎರಡು ವಾರ ದಾಟಿದರೂ ಮಾಯದ ಹುಣ್ಣು ಯಾರಿಗೇ ಇರಲಿ, ತೋರಿಸಿ.

## ಎಲ್ಲಿಗೆ ಹೋಗಬೇಕು, ಏನು ತರಬೇಕು

ರಾತ್ರಿ ಹೊತ್ತು ಹಲ್ಲಿನ ಡಾಕ್ಟರ್ ಎಲ್ಲಿ ಸಿಗ್ತಾರ?

ಹಗಲಾದರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಬಹುತೇಕ ಕಡೆ ಹಲ್ಲಿನ ವಿಭಾಗ ಇದೆ. ದಂತ ವೈದ್ಯಕೀಯ ಕಾಲೇಜುಗಳು ವಿಜಯಪುರದಲ್ಲಿ ಅಲ್ ಅಮೀನ್, ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ, ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಮರಾಠಾ ಮಂಡಳದ ಕಾಲೇಜು. ಅಲ್ಲಿ ಕಲಿಯುವವರು ಅಧ್ಯಾಪಕರ ಕಣ್ಣೆದುರೇ ಚಿಕಿತ್ಸೆ ಮಾಡುತ್ತಾರೆ. ಖರ್ಚು ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ, ಸಮಯ ಮಾತ್ರ ಹಿಡಿಯುತ್ತದೆ.

ರಾತ್ರಿ ಬಾವು, ರಕ್ತ, ಅಪಘಾತ ಆದರೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ತುರ್ತು ವಿಭಾಗವೇ ಸರಿ. ಹಲ್ಲಿನ ಡಾಕ್ಟರ್ ಆ ಹೊತ್ತಿಗೆ ಇಲ್ಲದಿದ್ದರೂ ಉಸಿರು ಕಾಪಾಡುವುದು, ರಕ್ತ ನಿಲ್ಲಿಸುವುದು, ರಕ್ತನಾಳದ ಮೂಲಕ ಔಷಧಿ ಕೊಡುವುದು ಅಲ್ಲಿ ಆಗುತ್ತದೆ. ನಮ್ಮ ಊರುಗಳಿಂದ ಅದು ಒಂದು ಒಂದೂವರೆ ತಾಸಿನ ದಾರಿ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಹಲ್ಲು ಕಟ್ಟುವವರ ಹತ್ತಿರ ಹೋಗಬೇಡಿ. ಅವರು ಬೇರಿನ ಮೇಲೆಯೇ ಪ್ಲಾಸ್ಟಿಕ್ ಹಲ್ಲು ಅಂಟಿಸಿ ತಂತಿ ಸುತ್ತುತ್ತಾರೆ. ಕೆಳಗೆ ಕೊಳೆತು ಪಕ್ಕದ ಒಳ್ಳೆಯ ಹಲ್ಲುಗಳೂ ಹೋಗುತ್ತವೆ.

ರೇಷನ್ ಕಾರ್ಡ್ ಮೇಲೆ ಹಲ್ಲಿನ ಚಿಕಿತ್ಸೆ ಆಗುತ್ತಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕ್ಯಾಪ್, ಸಿಮೆಂಟ್ ತುಂಬುವ ಕೆಲಸಕ್ಕೆ ಅದನ್ನು ನಂಬಿಕೊಳ್ಳಬೇಡಿ. ದವಡೆ ಎಲುಬು ಮುರಿದು ದಾಖಲಾಗಬೇಕಾದರೆ ರೇಷನ್ ಕಾರ್ಡ್, ಆಧಾರ್ ಎರಡೂ ತೆಗೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರನ್ನು ಮೊದಲು ಕಾಣಿ.

ಬೈಕ್ ಹೋಗಿ ಕಬ್ಬಿನ ಟ್ರ್ಯಾಲಿಗೆ ಬಡೀತು. ಹಲ್ಲು ಮುರದಾವ, ದವಡಿ ಸರಿ ಕೂಡವಲ್ದು

ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಇದು ನಮಗೆ ಹೊಸದಲ್ಲ. ಕತ್ತಲಲ್ಲಿ ನಿಂತ ಟ್ರ್ಯಾಲಿಗೆ ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಇರುವುದಿಲ್ಲ. ಟ್ರ್ಯಾಕ್ಟರ್ ಇರುವ ಮನೆಯವರು ಇವತ್ತೇ ಹಾಕಿಸಿ ಅಂತ ಕೈಮುಗಿದು ಕೇಳುತ್ತೇನೆ.

ಗಾಯಾಳುವಿನ ಬಾಯಲ್ಲಿರುವ ರಕ್ತ, ಹಲ್ಲಿನ ಚೂರು ತೆಗೆಯಿರಿ. ಎಚ್ಚರ ಇದ್ದರೆ ಮುಂದಕ್ಕೆ ಬಾಗಿ ಕೂರಲಿ. ಎಚ್ಚರ ಇಲ್ಲದಿದ್ದರೆ ಕುತ್ತಿಗೆ ತಿರುಚದಂತೆ ಒಂದು ಮಗ್ಗುಲಿಗೆ ಹೊರಳಿಸಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ) ಬರೆಸಿ. ಹಲ್ಲು ಮುರಿದದ್ದನ್ನು ಜನ ಸಣ್ಣ ಗಾಯ ಅಂದುಕೊಳ್ಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಎಲುಬು ಅಥವಾ ಹಲ್ಲು ಮುರಿಯುವುದು, ಜಾಗ ತಪ್ಪುವುದು ತೀವ್ರ ಗಾಯದ ಪಟ್ಟಿಯಲ್ಲೇ ಇದೆ. ಎಕ್ಸ್‌ರೇ, ಚೀಟಿ, ಬಿಲ್ಲು ಎಲ್ಲ ಇಟ್ಟುಕೊಳ್ಳಿ, ವಿಮೆಗೆ ಬೇಕಾಗುತ್ತದೆ.

ಡಾಕ್ಟರಿಗೆ ಫೋನ್ ಮಾಡಿದಾಗ ಏನೇನು ಹೇಳಬೇಕು?

ಯಾರಿಗೆ, ಎಷ್ಟು ವಯಸ್ಸು, ಎಷ್ಟು ಹೊತ್ತಿನ ಹಿಂದೆ ಆಯಿತು. ನುಂಗಲು, ಉಸಿರಾಡಲು ಆಗುತ್ತಿದೆಯಾ. ಜ್ವರ ಇದೆಯಾ. ಯಾವ ಗುಳಿಗೆ ಎಷ್ಟು ನುಂಗಿದ್ದಾರೆ, ತಂಬಾಕು, ಸುಣ್ಣ ಏನಾದರೂ ಇಟ್ಟಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಶುಗರ್, ಬಿಪಿ, ಹೃದಯ, ಬಸಿರು ಇದ್ದರೆ ಹೇಳಿ. ಮುಖದ ಒಂದು ಫೋಟೋ ಕಳಿಸಿ. ನೀವು ದಾರಿಯಲ್ಲಿ ಇರುವಾಗಲೇ ನಾನು ಬೇಕಾದ್ದನ್ನು ತಯಾರಿಟ್ಟುಕೊಳ್ಳಬಹುದು, ಇಲ್ಲವೇ ಇಲ್ಲಿಗೆ ಬರಬೇಡಿ, ನೇರ ಬಾಗಲಕೋಟೆಗೆ ಹೋಗಿ ಅಂತ ಹೇಳಬಹುದು.